‘ಇತ್ತ್’ ಎಂಬ ಕಾಲದೋಷ

ಕುಂದಾಪುರದಲ್ಲಿ ಬೈಂದೂರಿಗೆ ಹೊರಟಿದ್ದ ಬಸ್ಸಿನ ಮೆಟ್ಟಿಲ ಹತ್ತಿರ ನಿಂತು, “ಸೀಟ್ ಇದೆಯಾ?” ಎಂದು ಕೇಳಿದೆ. ಜೂನ್ ತಿಂಗಳ ಮಳೆ, ಕೊಡೆ ಮಡಚಲೂ ಪುರುಸೊತ್ತಿಲ್ಲ. ಕಂಡಕ್ಟರ್ ನನ್ನ ಮುಖ ನೋಡಿ, “ಇದೆ ಮೇಡಂ, ಹತ್ತಿ” ಎಂದ. ನನ್ನ ಬೆನ್ನಿಗೇ ಬಂದ ಹೆಂಗಸೊಬ್ಬರು, “ಹ್ವಾಯ್, ಸೀಟ್ ಇತ್ತಾ?” ಎಂದರು. “ಇತ್ತ್ ಇತ್ತ್, ಬೇಗ ಹತ್ತಿ ಮಾರಾಯ್ರೆ” ಎಂದ ಅದೇ ಕಂಡಕ್ಟರ್. ನಾನು ಹುಟ್ಟಿ ಬೆಳೆದದ್ದು ಅಲ್ಲಿಗೆ ಕೂಗಳತೆಯಂತಿರುವ ಕುಂಭಾಶಿಯಲ್ಲಿ. ನನ್ನದೇ ಊರಿನ ಬಸ್ಸಿನವನು ನನಗೊಂದು ಕನ್ನಡ, ಅವರಿಗೊಂದು ಕನ್ನಡ ಬೇರೆ ಬೇರೆ ತೆಗೆದಿಟ್ಟಿದ್ದ. ಅವನನ್ನು ದೂರುವುದಕ್ಕೇನೂ ಇಲ್ಲ, ಶುರು ಮಾಡಿದವಳು ನಾನೇ.

ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದರ್ಥ. ಬೇರೆ ಕಡೆಯ ಕನ್ನಡಿಗರಿಗೆ ಅದು ಆಗಿ ಹೋದದ್ದರ ಮಾತು, ನಮಗೆ ಈಗ ಕಣ್ಣೆದುರು ಇರುವುದರ ಮಾತು. ಆಗಿ ಹೋದದ್ದಕ್ಕೆ ನಮ್ಮಲ್ಲಿ ‘ಇದ್ದಿತ್’ ಎನ್ನುತ್ತಾರೆ. ಇಷ್ಟೇ ಸಂಗತಿ. ಇದನ್ನು ಒಂದು ಸಾಲಿನಲ್ಲಿ ಬರೆಯಬಹುದು. ಆ ಒಂದು ಸಾಲನ್ನು ನಾನು ಬರೆಯಬೇಕಾದ ಕಡೆ ಬರೆಯಲಿಲ್ಲ. ಕಿಟಕಿ ಪಕ್ಕ ಕೂತು ಮಡಿಲ ಮೇಲೆ ಇಟ್ಟುಕೊಂಡಿದ್ದ ಚೀಲದಿಂದ ರೆಕ್ಸಿನ್ನು, ಅಂಟು, ಹಳೇ ಕಾಗದದ ಮುಗ್ಗಲು ಎಲ್ಲ ಸೇರಿದ ವಾಸನೆ ಬರುತ್ತಿತ್ತು. ಒಳಗಿದ್ದದ್ದು ನನ್ನ ಪಿಎಚ್‌ಡಿ ಪ್ರಬಂಧ. ಅದನ್ನು ಯಡ್ತರೆಯ ಗುಲಾಬಿ ಟೀಚರಿಗೆ ತೋರಿಸಲು ಹೊರಟಿದ್ದೆ, ಎಂಟು ವರ್ಷ ತಡವಾಗಿ.

ಬ್ರಹ್ಮಾವರದ ಹತ್ತಿರದ ಒಂದು ಶಿಕ್ಷಕ ತರಬೇತಿ ಕಾಲೇಜಿನಲ್ಲಿ ನಾನಾಗ ಪಾಠ ಮಾಡುತ್ತಿದ್ದೆ. ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರೆ ವಿಶ್ವವಿದ್ಯಾಲಯದ ಕೆಲಸ ಸಿಗಬಹುದೆಂಬ ಆಸೆ. ಅರ್ಜಿ ಹಾಕಿದೆ, ಪ್ರವೇಶ ಪರೀಕ್ಷೆ ಪಾಸಾದೆ, ಸಂದರ್ಶನಕ್ಕೆ ಕರೆ ಬಂತು. ಬಯಲುಸೀಮೆಯ ದೊಡ್ಡ ಊರು, ದೊಡ್ಡ ಕೋಣೆ, ಮೇಜಿನ ಆಚೆ ಐದು ಜನ. ಒಬ್ಬರು, “ಕೆಲಸದ ಅನುಭವದ ಪತ್ರ ತಂದಿದೀರಾ?” ಎಂದರು. ನಾನು ಫೈಲು ಎತ್ತಿ ಹಿಡಿದು, “ನನ್ನ ಹತ್ರ ಇತ್ತು ಸರ್” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. “ಇತ್ತು ಅಂದ್ರೆ? ಈಗ ಎಲ್ಲೋಯ್ತು, ಬಸ್ಸಲ್ಲಿ ಬಿಟ್ ಬಂದ್ರಾ?” ಐದೂ ಜನ ನಕ್ಕರು. ಕೆಟ್ಟ ನಗು ಅಂತಲ್ಲ, ಸುಮ್ಮನೆ ತಮಾಷೆಯ ನಗು. ಆದರೆ ನನ್ನ ಕಿವಿ ಕೆಂಪಾಗಿ, ಮುಂದಿನ ಮೂರು ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟೆನೋ ನನಗೇ ನೆನಪಿಲ್ಲ. ಸೀಟು ಸಿಕ್ಕಿತು. ಆ ದಿನದಿಂದ ನಾಲಿಗೆಗೆ ಕಾವಲು ಹಾಕಿದೆ. ಒಂದು ವರ್ಷದೊಳಗೆ ಕನಸಿನಲ್ಲೂ ‘ಇದೆ’ ಎನ್ನುವಷ್ಟು ಪಳಗಿಬಿಟ್ಟೆ. ಮನೆಯಲ್ಲಿ ಅಣ್ಣ, “ಎಂತ ಮಾರಾಯ್ತಿ, ನ್ಯೂಸ್ ಓದುದಾ?” ಎಂದು ಗೇಲಿ ಮಾಡುತ್ತಿದ್ದ.

ನನ್ನ ವಿಷಯ, ಐದನೇ ತರಗತಿಯ ಮಕ್ಕಳು ಬಾಯಿಮಾತಿನಲ್ಲಿ ಎಷ್ಟರಮಟ್ಟಿಗೆ ಹೇಳಿಕೊಳ್ಳಬಲ್ಲರು ಎಂಬುದು. ಒಂದು ಚಿತ್ರ ತೋರಿಸುವುದು, ಅದರಲ್ಲಿ ಏನೇನಿದೆ ಎಂದು ಕೇಳುವುದು, ಮಗು ಹೇಳಿದ್ದನ್ನು ಬರೆದುಕೊಂಡು ಅಂಕ ಹಾಕುವುದು. ಅಂಕ ಕಳೆಯಬೇಕಾದ ತಪ್ಪುಗಳ ಪಟ್ಟಿಯಲ್ಲಿ ‘ಕಾಲದೋಷ’ ಎಂದೊಂದು. ಎದುರಿಗೆ ಇರುವುದನ್ನು ಭೂತಕಾಲದಲ್ಲಿ ಹೇಳಿದರೆ ಅದು ಕಾಲದೋಷ. ಆ ಪಟ್ಟಿ ಮಾಡಿದವಳು ನಾನು. ಒಪ್ಪಿ ಸಹಿ ಹಾಕಿದ ಪರಿಣತರೆಲ್ಲ ಘಟ್ಟದ ಮೇಲಿನವರು. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಗೆ ಬರೆದೆ ಎಂದು ಕೇಳಿದರೆ, ಆ ನಗುವಿನ ನಂತರ ನನಗೂ ಅದು ತಪ್ಪೇ ಅನ್ನಿಸಿಬಿಟ್ಟಿತ್ತು. ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಆ ವರ್ಷದ ಮಳೆಗಾಲವಿಡೀ ಮೂರು ಶಾಲೆಗಳಿಗೆ ಅಲೆದೆ. ಒಂದು ಹಂಗಾರಕಟ್ಟೆಯ ಕಡೆ, ಒಂದು ನಮ್ಮ ಕುಂಭಾಶಿಯ ಬದಿ, ಇನ್ನೊಂದು ಯಡ್ತರೆಯ ಹತ್ತಿರ. ಮೂರನೆಯದಕ್ಕೆ ಬೈಂದೂರಿನಲ್ಲಿ ಇಳಿದು ಗದ್ದೆಯ ಬದುವಿನ ಮೇಲೆ ನಡೆಯಬೇಕು. ಚಪ್ಪಲಿ ಕೈಯಲ್ಲಿ, ಉತ್ತರದ ಹಾಳೆಗಳು ಎರಡು ಪ್ಲಾಸ್ಟಿಕ್ ಕವರಿನೊಳಗೆ. ಮೊದಲ ದಿನ ಸೀರೆಯ ಅಂಚು ಹಿಂಡಿಕೊಳ್ಳುತ್ತ ಶಾಲೆಯ ಜಗುಲಿ ಹತ್ತಿದಾಗ ಐದನೇ ತರಗತಿಯ ಟೀಚರ್ ಎದುರು ಬಂದರು. ಐವತ್ತರ ಹತ್ತಿರದವರು, ದೊಡ್ಡ ದನಿ, ಕಿವಿಯ ಹಿಂದೆ ಪೆನ್ನು.

“ಪಿಎಚ್‌ಡಿಯವ್ರ್ ನೀವೇಯಾ? ಬನ್ನಿ, ಕೂಕಣಿ. ಮೊದ್ಲ್ ತಲೆ ಒರ್ಸ್ಕಣಿ. ಆಸ್ರಿಗೆ ಎಂತ ಕುಡಿತ್ರಿ?”

ಅವರೇ ಗುಲಾಬಿ ಟೀಚರ್. ಎರಡನೇ ವಾರ ಒಂದು ದಿನ ನಾನು ಅಷ್ಟು ದೂರ ಹೋದರೆ ಶಾಲೆಗೆ ಬೀಗ. ಮಳೆ ಜೋರೆಂದು ಬೆಳಿಗ್ಗೆಯೇ ರಜೆ ಸಾರಿದ್ದರು, ನಾನು ಮೊಬೈಲು ನೋಡಿರಲಿಲ್ಲ. ಅಕ್ಕಿ ಮೂಟೆ ಇಟ್ಟ ಕೋಣೆ ಸೋರುತ್ತದೋ ಏನೋ ಎಂದು ನೋಡಲು ಬಂದಿದ್ದ ಟೀಚರ್ ನನ್ನನ್ನು ಕಂಡು ಹಣೆ ಬಡಿದುಕೊಂಡರು. “ಅಯ್ಯೋ ಮಾರಾಯ್ತಿ! ಇಡೀ ಜಿಲ್ಲೆಗ್ ಗೊತ್ತಿತ್ತ್ ರಜೆ ಅಂದೇಳಿ, ನಿಂಗೊಬ್ಳಿಗೆ ಗೊತ್ತಿಲ್ಯಾ? ನಡಿ, ಮನಿಗ್ ಹೋಪ.” ಅವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ, ಸುಟ್ಟ ಹಪ್ಪಳ. ನನ್ನ ಚಿಕ್ಕಮ್ಮ ಅವರ ಕ್ಲಾಸ್‌ಮೇಟು ಎಂಬುದು ಗಂಜಿ ಮುಗಿಯುವುದರೊಳಗೆ ಪತ್ತೆಯಾಯಿತು. ಅವತ್ತಿಗೆ ‘ನೀವ್’ ಹೋಗಿ ‘ನೀನ್’ ಆಯಿತು, ‘ಪಿಎಚ್‌ಡಿಯವ್ರ್’ ಹೋಗಿ ‘ವಸಂತಿ’ ಬಂತು. ನಾನೂ ನಾಲಿಗೆಯ ಕಾವಲು ತೆಗೆದು ಹಾಯಾಗಿ ಮಾತಾಡಿದೆ. ಅಲ್ಲಿಂದ ವರ್ಷಗಟ್ಟಲೆ ನಮ್ಮಿಬ್ಬರ ನಡುವೆ ಶಾಲೆಯ ಕನ್ನಡ ಬರಲಿಲ್ಲ.

ಪರೀಕ್ಷೆಗೆ ನನಗೆ ಕೊಟ್ಟದ್ದು ಅದೇ ಅಕ್ಕಿ ಮೂಟೆಯ ಕೋಣೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಮೂಟೆಯ ಮೇಲೆ ಕೂರುತ್ತಿದ್ದರು. ಸುಮನ ಎಂಬ ಹುಡುಗಿ ಬಂದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು. ಚಿತ್ರ ಕೈಗೆ ಕೊಟ್ಟು, “ಇದರಲ್ಲಿ ಏನೇನಿದೆ? ಹೇಳು” ಎಂದೆ.

“ಬಾಮಿ ಇತ್ತ್” ಎಂದು ಶುರು ಮಾಡಿದಳು. “ಬಾಮಿ ಕಟ್ಟಿ ಮೇಲೆ ಕೊಡಪಾನ ಇತ್ತ್. ದನ ಇತ್ತ್, ಹಗ್ಗ ಎಳೀತಾ ಇತ್ತ್. ಒಳ್ಗ್ ಅದ್ರ ಕರು ಇತ್ತ್.”

“ಕರು ಎಲ್ಲಿದೆ? ಚಿತ್ರದಲ್ಲಿ ಇಲ್ಲವಲ್ಲ?”

“ಚಿತ್ರದಗೆ ಕಾಣುದಿಲ್ಲೆ. ಆದ್ರೂ ಇತ್ತ್. ಇಲ್ದಿರೆ ದನ ಮನಿ ಬದಿಗ್ ತಿರ್ಗಿ ಹಾಂಗ್ ಎಂತಕ್ ಎಳೂದ್?”

ದನ ಮನೆಯ ಕಡೆ ಮುಖ ಮಾಡಿದೆ ಎಂಬುದನ್ನು ಚಿತ್ರ ಬರೆಸಿದ ನಾನೇ ಗಮನಿಸಿರಲಿಲ್ಲ! ಹುಡುಗಿ ನಿಲ್ಲಿಸುವ ಲಕ್ಷಣವೇ ಇಲ್ಲ. ಬಾವಿಗೆ ಹಗ್ಗ ಇತ್ತ್, ರಾಟೆಗೆ ತುಕ್ಕು ಇತ್ತ್, ಆ ಮನೆಯ ಅಮ್ಮನಿಗೆ ಸೊಂಟನೋವು ಇತ್ತ್, ಅದಕ್ಕೇ ಕೊಡಪಾನ ಅಲ್ಲೇ ಬಿಟ್ಟು ಹೋದದ್ದು. ನಾನು ಒಳಗೊಳಗೇ ನಗುತ್ತ ಒಂದೊಂದು ‘ಇತ್ತ್’ಗೂ ಒಂದೊಂದು ಕೆಂಪು ಗೀಟು ಎಳೆಯುತ್ತ ಹೋದೆ. ಹೆಚ್ಚು ಮಾತಾಡಿದಷ್ಟೂ ಹೆಚ್ಚು ತಪ್ಪು, ಹೆಚ್ಚು ತಪ್ಪಾದಷ್ಟೂ ಅಂಕ ಕಡಿಮೆ. ಅವಳ ನಂತರ ಬಂದ ಹುಡುಗ ಹೆದರಿಕೊಂಡು, “ಬಾವಿ. ದನ. ಮರ” ಎಂದಷ್ಟೇ ಹೇಳಿ ಬಾಯಿ ಮುಚ್ಚಿದ. ಒಂದೂ ತಪ್ಪಿಲ್ಲ. ಅವನಿಗೆ ಸುಮನಳಿಗಿಂತ ಜಾಸ್ತಿ ಅಂಕ ಬಂತು.

ಸಂಜೆ ಹಾಳೆಗಳನ್ನು ಜೋಡಿಸುತ್ತಿದ್ದಾಗ ಗುಲಾಬಿ ಟೀಚರ್ ಬಗ್ಗಿ ನೋಡಿದರು.

“ಎಂತ ಇದ್? ಸುಮನನ್ ಹಾಳಿಗೆ ಇಷ್ಟ್ ಕೆಂಪ್ ಗೀಟ್ ಎಂತಕ್ ಹಾಕಿದ್ದೆ?”

“ಕಾಲದೋಷ ಟೀಚರೇ. ಇದೆ ಅಂಬಲ್ಲಿ ಇತ್ತ್ ಅಂದಿದ್ಳಲೆ.”

“ನಾವ್ ಮತ್ತೆಂತ ಅಂಬುದ್? ನಿಂಗೊತ್ತಿಲ್ಯಾ?”

“ಗೊತ್ತಿತ್ತ್. ಆರೆ ಅಂಕ ಹಾಕು ನಿಯಮ ಹಾಂಗಿತ್ತ್, ನಾನೆಂತ ಮಾಡುದ್?”

ಟೀಚರ್ ಸೊಂಟದ ಮೇಲೆ ಕೈಯಿಟ್ಟು ನಕ್ಕರು. “ಕಾಣ್, ಈಗ ನೀನೂ ಎರಡ್ ಸಲ ಇತ್ತ್ ಅಂದೆ. ನಿಂಗೂ ಎರಡ್ ಗೀಟ್ ಎಳ್ಕೋ.” ಆಮೇಲೆ ನಗು ಬಿಟ್ಟು ಪಕ್ಕದಲ್ಲಿ ಕೂತರು. “ವಸಂತಿ, ನನ್ ಮಕ್ಳ್ ಮಾತಾಡುಕ್ ಹೆದ್ರುದಿಲ್ಲೆ. ನಾ ಐದ್ ವರ್ಷ ಒದ್ದಾಡಿ ಬಾಯ್ ಬಿಡ್ಸಿದ್ದೆ. ನಿನ್ ಪುಸ್ತಕದಗೆ ಒಂದ್ ಸಾಲ್ ಬರಿ. ನಮ್ ಬದಿಯಗೆ ಇತ್ತ್ ಅಂದ್ರೆ ಇದೆ, ಅದ್ ತಪ್ಪಲ್ಲ ಅಂದೇಳಿ. ಅಷ್ಟ್ ಸಾಕ್. ಮತ್ತೆ ಮಾರ್ಕ್ ಎಂತ ಬೇಕಾರೂ ಹಾಕ್.”

“ಬರೀತೆ ಟೀಚರೇ.”

“ಬರ್ದದ್ ನಂಗೊಂದ್ ಸಲ ತೋರ್ಸ್ಕ್ ಹಾಂ?”

“ಖಂಡಿತ ತೋರಿಸ್ತೆ.”

ಬರೆದೆ. ಸುಳ್ಳಲ್ಲ, ನಿಜವಾಗಿಯೂ ಬರೆದೆ. ನಾಲ್ಕನೇ ಅಧ್ಯಾಯದ ಕರಡಿನಲ್ಲಿ, ಕೋಷ್ಟಕದ ಕೆಳಗೆ, ಸಣ್ಣ ಅಕ್ಷರದ ಅಡಿಟಿಪ್ಪಣಿ. ಅದನ್ನು ಚೀಲದಲ್ಲಿಟ್ಟುಕೊಂಡು ಗೈಡ್ ಹತ್ತಿರ ಹೋದೆ. ನನ್ನ ಗೈಡ್ ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಕೆಲಸ ಬೇಗ ಮುಗಿಸಿಕೊಟ್ಟರೆ ಸಂತೋಷಪಡುವವರು. ಲೆಕ್ಕದ ಹಾಳೆ ಮಾತ್ರ ನೋಡಿ ಅವರು ಹುಬ್ಬು ಗಂಟಿಕ್ಕಿದರು.

“ಏನಮ್ಮ ವಸಂತಿ, ಮೂರು ಶಾಲೇಲೂ ಕಾಲದೋಷವೇ ಇಷ್ಟೊಂದಿದೆ? ಅದರಲ್ಲೂ ಈ ಮೂರನೇ ಶಾಲೇಲಿ ವಿಪರೀತ. ನೀವು ಆ ಕಡೆಯವರೇ ಅಲ್ವಾ, ಅಲ್ಲಿನ ಮಾತೇ ಏನಾದ್ರೂ ಹಾಗಿದೆಯಾ? ಹಾಗಿದ್ರೆ ಈ ಅಂಕಪಟ್ಟಿನೇ ಸರಿಯಿಲ್ಲ ಅಂತಾಗುತ್ತೆ, ಎಲ್ಲ ಮೊದಲಿಂದ ಮಾಡ್ಬೇಕು.”

ಮೊದಲಿಂದ ಎಂದರೆ ಇನ್ನೊಂದು ಪಟ್ಟಿ, ಮತ್ತೆ ಪರಿಣತರ ಸಹಿ, ಮತ್ತೊಂದು ಮಳೆಗಾಲ, ಮೂರು ಶಾಲೆ. ನನ್ನ ಅವಧಿ ಮುಗಿಯಲು ಎಂಟು ತಿಂಗಳಿತ್ತು. ವಿಶ್ವವಿದ್ಯಾಲಯದ ಹುದ್ದೆಗೆ ಅರ್ಜಿ ಕರೆಯುತ್ತಾರೆಂಬ ಸುದ್ದಿಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಕೋಣೆ, ಆ ಐದು ಜನರ ನಗು ನೆನಪಾಯಿತು. ‘ಹೌದು ಸರ್, ನಮ್ಮಲ್ಲಿ ಹಾಗೇ ಮಾತಾಡುವುದು’ ಎಂದರೆ ಇವರೂ ನಕ್ಕುಬಿಟ್ಟರೆ? ಮನುಷ್ಯ ನೇರವಾಗಿ ಕೇಳಿದ್ದಾರೆ, ಉತ್ತರ ನನ್ನ ಚೀಲದಲ್ಲೇ ಇದೆ.

“ಹಾಗೇನಿಲ್ಲ ಸರ್” ಎಂದೆ.

“ಹಾಗಾದ್ರೆ ಇದು ಒಳ್ಳೇ ಫೈಂಡಿಂಗು. ಒಂದು ಅಧ್ಯಾಯ ಇದಕ್ಕೇ ಕೊಡಿ” ಎಂದರು. ಮನೆಗೆ ಬಂದವಳೇ ಕಂಪ್ಯೂಟರ್ ತೆರೆದು ಅಡಿಟಿಪ್ಪಣಿ ಅಳಿಸಿದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಆ ಜಾಗದಲ್ಲಿ ಬೈಂದೂರು ಕಡೆಯ ಮಕ್ಕಳಲ್ಲಿ ಕಾಲದ ಪರಿಕಲ್ಪನೆ ದುರ್ಬಲವಾಗಿದೆ ಎಂದು ಹನ್ನೆರಡು ಪುಟ ಬರೆದೆ. ಮುಂದಿನದೆಲ್ಲ ನೀರು ಹರಿದಂತೆ ಆಯಿತು. ಕುಂದಾಪುರದಲ್ಲಿ ಬೈಂಡಿಂಗು, ಕೆಂಪು ರೆಕ್ಸಿನ್ನಿನ ಮೇಲೆ ಚಿನ್ನದ ಅಕ್ಷರ. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪ್ರೊಫೆಸರು ಆ ಹನ್ನೆರಡು ಪುಟಗಳನ್ನೇ ಹೊಗಳಿದರು. ನನ್ನ ಹೆಸರಿನ ಮುಂದೆ ‘ಡಾ.’ ಬಂತು. ಅಮ್ಮ ಓಣಿಗೆಲ್ಲ ಹಾಲುಬಾಯಿ ಹಂಚಿದಳು. ನಾನೂ ತಿಂದೆ, ಚೆನ್ನಾಗಿಯೇ ಇತ್ತು ಅದು.

ಅದೇ ವರ್ಷ, ನನ್ನ ಫೈಂಡಿಂಗಿನ ಆಧಾರದ ಮೇಲೆ ನನ್ನ ಮೂರು ಶಾಲೆಗಳಿಗೂ ಅಭ್ಯಾಸದ ಹಾಳೆಗಳನ್ನು ನಾನೇ ಮಾಡಿಕೊಟ್ಟೆ. ‘ಇತ್ತು’ ಇರುವ ವಾಕ್ಯವನ್ನು ‘ಇದೆ’ ಎಂದು ತಿದ್ದಿ, ಹತ್ತು ಸಲ ಬರೆಯಿರಿ. ಆರು ತಿಂಗಳಾದ ಮೇಲೆ ಪರಿಣಾಮ ನೋಡಲು ಯಡ್ತರೆಯ ಶಾಲೆಗೆ ಹೋದೆ. ಸುಮನ ಆಗ ಏಳನೇ ತರಗತಿ, ಎರಡೂ ಜಡೆಗೆ ರಿಬ್ಬನ್ನು. ಅದೇ ಹಳೇ ಚಿತ್ರ ತೋರಿಸಿ, “ಇದರಲ್ಲಿ ಏನೇನಿದೆ?” ಎಂದೆ. ಎದ್ದು ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಟೀಚರ ಮುಖ ನೋಡಿದಳು.

“ಬಾವಿ ಇದೆ” ಎಂದಳು.

“ಇನ್ನೇನಿದೆ?”

“ದನ ಇದೆ.” ಕೂತುಬಿಟ್ಟಳು.

“ಕರು?” ಎಂದೆ, ತಡೆಯಲಾರದೆ.

“ಇಲ್ಲ ಮೇಡಂ.”

ಒಂದೂ ತಪ್ಪಿಲ್ಲ. “ಭೇಷ್, ಎಲ್ಲರೂ ಚಪ್ಪಾಳೆ ತಟ್ಟಿ” ಎಂದೆ. ತಟ್ಟಿದರು. ಗುಲಾಬಿ ಟೀಚರ್ ಕಿಟಕಿಯ ಹತ್ತಿರ ನಿಂತಿದ್ದರು, ಅವರು ತಟ್ಟಲಿಲ್ಲ. ಮಕ್ಕಳು ಊಟಕ್ಕೆ ಹೋದ ಮೇಲೆ ಹತ್ತಿರ ಬಂದು, “ನಿನ್ ಮೇಲಿನವ್ರ್ ಎಂತ ಹೇಳ್ತ್ರೋ ಅದ್ನ್ ನೀನ್ ಮಾಡ್ಕ್, ಗೊತ್ತಿತ್ತ್ ನಂಗೆ” ಎಂದರು. “ಒಂದೇ ಒಂದ್ ಕೇಣ್ತೆ. ಪುಸ್ತಕದಗೆ ಆ ಸಾಲ್ ಇತ್ತಲ್ಲ?”

“ಇತ್ತ್ ಟೀಚರೇ” ಎಂದೆ.

ಅವರ ಮುಖ ಅರಳಿತು. ಅವರು ಕೇಳಿಸಿಕೊಂಡದ್ದು ‘ಇದೆ’ ಎಂದು. ನಾನು ಮನಸ್ಸಿನಲ್ಲಿ ಹೇಳಿಕೊಂಡದ್ದು ಮೈಸೂರು ಕಡೆಯ ‘ಇತ್ತು’. ಕರಡಿನಲ್ಲಿ ಇತ್ತಲ್ಲ, ಹಾಗಾಗಿ ಸುಳ್ಳು ಹೇಳಿದಂತಾಗಲಿಲ್ಲ ಎಂದು. ಥೂ! ಯಾವ ಮಾತಿಗಾಗಿ ಮಕ್ಕಳ ಅಂಕ ಕಳೆದೆನೋ ಅದೇ ಮಾತನ್ನು ಅಡ್ಡ ಹಿಡಿದುಕೊಂಡು ನಾನು ತಪ್ಪಿಸಿಕೊಂಡೆ. ಬದುವಿನ ಮೇಲೆ ವಾಪಸು ನಡೆಯುವಾಗ ನನ್ನ ಜಾಣತನಕ್ಕೆ ಒಂದಿಷ್ಟು ಹೆಮ್ಮೆಯೂ ಆಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹೌದು.

ಮುಂದೆ ನನಗೆ ಘಟ್ಟದ ಮೇಲೆ ಕೆಲಸ ಸಿಕ್ಕಿತು. ಟೀಚರ್ ವರ್ಷಕ್ಕೊಮ್ಮೆ ಫೋನು ಮಾಡುತ್ತಿದ್ದರು. “ಪುಸ್ತಕ ಯಾವಾಗ ತೋರಿಸ್ತೆ?” ಎಂದು ಕೇಳುತ್ತಿದ್ದರು. “ಬತ್ತೆ ಟೀಚರೇ” ಎನ್ನುತ್ತಿದ್ದೆ. ಎರಡು ವರ್ಷದಿಂದ ಫೋನು ಬರುವುದು ನಿಂತಿತ್ತು, ನಾನೂ ಮಾಡಲಿಲ್ಲ. ಮೊನ್ನೆ ಮೇ ತಿಂಗಳಲ್ಲಿ ನನ್ನ ಕೈಕೆಳಗೆ ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ತನ್ನ ಕರಡು ತಂದಿಟ್ಟಳು. ಅದರಲ್ಲಿ ನನ್ನ ಹೆಸರು ಹಾಕಿ, ಆ ಭಾಗದ ಮಕ್ಕಳಲ್ಲಿ ಕಾಲದ ಪರಿಕಲ್ಪನೆ ದುರ್ಬಲ ಎಂಬ ನನ್ನ ಮಾತನ್ನೇ ಉದ್ಧರಿಸಿದ್ದಳು. “ನಿಜಾನಾ ಮೇಡಂ? ಪಾಪ ಅಲ್ವಾ?” ಎಂದು ಬೇರೆ ಕೇಳಿದಳು. ಆ ಹುಡುಗಿಗೆ ಆ ಸಾಲು ತೆಗೆಯಲು ಹೇಳಿದೆ, ಕಾರಣವನ್ನೂ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ಮತ್ತೆ ಕಿವಿ ಕೆಂಪಾಯಿತು. ಊರಿಗೆ ಹೊರಟದ್ದು ಅದಾದ ಮೇಲೆ.

ಗದ್ದೆಯ ಬದುವಿದ್ದ ಕಡೆ ಈಗ ಕಾಂಕ್ರೀಟು ರಸ್ತೆ. ಟೀಚರ ಮನೆಯ ಅಂಗಳದಲ್ಲಿ ಅವರ ಸೊಸೆ ಬಟ್ಟೆ ಎತ್ತುತ್ತಿದ್ದಳು.

“ಗುಲಾಬಿ ಟೀಚರ್...?” ಎಂದೆ.

“ಇದ್ರ್” ಎಂದಳು.

ಇದ್ದರು! ಯಾವಾಗ ಹೋದರು, ನನಗೇಕೆ ಯಾರೂ ಹೇಳಲಿಲ್ಲ ಎಂದು ಅಂಗಳದಲ್ಲೇ ಮಂಕಾಗಿ ನಿಂತೆ. ಅವಳು ಒಳಕ್ಕೆ ತಿರುಗಿ, “ಅತ್ಯೇ, ಯಾರೋ ಬಂದಿದ್ರ್ ಕಾಣಿ” ಎಂದು ಕೂಗಿದಾಗ ಜೀವ ಬಂತು. ‘ಇದ್ರ್’ ಎಂದರೆ ನಮ್ಮಲ್ಲಿ ‘ಇದ್ದಾರೆ’. ಹುಟ್ಟಿದ ಊರಿನ ಮಾತನ್ನು ಕೇಳಿಸಿಕೊಳ್ಳಲೂ ನನಗೆ ಬಾರದೆ ಹೋಗಿತ್ತು.

“ಯಾರ್, ವಸಂತಿಯಾ? ಅಂತೂ ದಾರಿ ಸಿಕ್ತಾ ಮಾರಾಯ್ತಿ ನಿಂಗೆ! ಬಾ, ಕೂಕೋ.” ಟೀಚರ್ ಗೋಡೆ ಹಿಡಿದುಕೊಂಡು ಬಂದರು. ಮಂಡಿನೋವು, ಕಣ್ಣಿಗೆ ದಪ್ಪ ಕನ್ನಡಕ, ದನಿ ಮಾತ್ರ ಅಷ್ಟೇ ದೊಡ್ಡದು. ಗಂಜಿ ಉಂಡೇ ಹೋಗಬೇಕೆಂದು ಸೊಸೆಗೆ ಹೇಳಿದರು, ಚಿಕ್ಕಮ್ಮನನ್ನು ಕೇಳಿದರು. ನಾನು ಸುಮನಳನ್ನು ಕೇಳಿದೆ.

“ಬೈಂದೂರಂಗೆ ಬಟ್ಟೆ ಅಂಗ್ಡಿಯಗೆ ಇತ್ತ್ ಆ ಹೆಣ್ಣ್. ಕೇಂಡದ್ಕ್ ಮಾತ್ರ ಉತ್ರ. ಮೊನ್ನೆ ಸೀರೆ ತಕಂಬುಕ್ ಹೋಯಿದ್ದೆ. ಹಸ್ರ್ ಬಣ್ಣ ಇತ್ತಾ ಹೆಣೆ ಅಂದೆ. ‘ಇದೆ ಟೀಚರ್’ ಅಂದ್ಳ್.” ನನ್ನೊಬ್ಬಳಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ, ನನ್ನಿಂದಲ್ಲ ಎನ್ನುವ ಧೈರ್ಯವೂ ಇಲ್ಲ. ಚೀಲದಿಂದ ಪ್ರಬಂಧ ತೆಗೆದು ಅವರ ಮಡಿಲಲ್ಲಿಟ್ಟೆ.

“ಅಬ್ಬಬ್ಬಾ, ಎಷ್ಟ್ ದಪ್ಪ!” ಎಂದು ಸೆರಗಿನಲ್ಲಿ ಕೈ ಒರೆಸಿಕೊಂಡು ಚಿನ್ನದ ಅಕ್ಷರ ಸವರಿದರು. ಪುಟ ತಿರುಗಿಸತೊಡಗಿದರು. ನಾಲ್ಕನೇ ಅಧ್ಯಾಯಕ್ಕೆ ಬಂದು, ಕೋಷ್ಟಕಗಳ ಮೇಲೆ ಬೆರಳಿಟ್ಟು, ಕೆಳಗಿನ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮತ್ತೆ ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು.

“ಎಲ್ಲಿತ್ತ್ ವಸಂತಿ? ಕಣ್ಣ್ ಸಮ ಕಾಣುದಿಲ್ಲೆ ನಂಗೆ. ಆ ಸಾಲ್ ಎಲ್ಲಿತ್ತ್?”

“ಇಲ್ಲೆ ಟೀಚರೇ” ಎಂದೆ. “ಇದ್ದಿತ್. ನಾನೇ ತೆಗ್ದೆ.”

ಹೊರಗೆ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಟೀಚರ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಮಡಚಿ ಪಕ್ಕಕ್ಕಿಟ್ಟರು. ಪುಸ್ತಕವನ್ನು ನಿಧಾನಕ್ಕೆ ಮುಚ್ಚಿ, ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದರು.

“ಪುಸ್ತಕ ಚೆನ್ನಾಗಿದೆ, ಮೇಡಂ” ಎಂದರು.